ರಿವ್ಯೂ ಕಾರ್ಡಿನ ಅಂಕಿ ಅಂಗಡಿ ಕಾರ್ಡಿನಲ್ಲೂ ಬಂತು

ರಿವ್ಯೂನಲ್ಲಿ ಕಂಡ ಫ್ರೇಮ್ ಲೆಕ್ಕ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು) ನಮ್ಮ ಗ್ರಾಫಿಕ್ಸ್ ಕಾರ್ಡಿನಲ್ಲಿ ಬರಲಿಲ್ಲ ಅಂದರೆ ಎಲ್ಲರದೂ ಒಂದೇ ಮಾತು: "ಸಿಲಿಕಾನ್ ಲಾಟರಿ ಗುರು, ನಿನ್ನ ಹಣೆಬರಹ." ಅಂದರೆ ಒಂದೇ ಮಾಡೆಲ್‌ನಲ್ಲೂ ಚಿಪ್ಪಿಂದ ಚಿಪ್ಪಿಗೆ ಇರುವ ಹೆಚ್ಚುಕಡಿಮೆ. ಎಎಂಡಿಯ ಮೂರು ಆರ್‌ಎಕ್ಸ್ 5600 ಎಕ್ಸ್‌ಟಿ ಅಳೆದು ನೋಡಿದ ಮೇಲೆ ಹೇಳುತ್ತೇನೆ, ಎರಡು ಕಾರ್ಡಿನಲ್ಲಿ ಹಣೆಬರಹದ ಪಾಲು ಶೇ. 2ರ ಒಳಗೇ. ಮಿಕ್ಕಿದ್ದೆಲ್ಲ ಬಯಾಸ್ (ಕಾರ್ಡಿನ ಚಿಪ್ಪಿನಲ್ಲಿ ಬರೆದಿರುವ ಮೂಲ ಸಾಫ್ಟ್‌ವೇರ್), ಪವರ್ ಲಿಮಿಟ್ (ಎಷ್ಟು ವ್ಯಾಟ್ ಎಳೆಯಬಹುದು ಅನ್ನುವ ಮಿತಿ), ಫ್ಯಾನ್. ಆ ಎರಡು ರಿವ್ಯೂ ಅಂಕಿಯನ್ನು ಮುಟ್ಟಿದವು, ಮೂರನೆಯದು ಮೆಮೊರಿ ತಡೆಯದೆ ಅರ್ಧ ದಾರಿಯಲ್ಲಿ ನಿಂತಿತು.

5600 ಎಕ್ಸ್‌ಟಿಯನ್ನೇ ಹಿಡಿದದ್ದು ಸುಮ್ಮನೆ ಅಲ್ಲ. ಅದು ಬಿಡುಗಡೆಯಾದದ್ದು 2020ರ ಜನವರಿ 21ಕ್ಕೆ. ಅದಕ್ಕೆ ಸ್ವಲ್ಪವೇ ಮುಂಚೆ ರಿವ್ಯೂ ಮಾಡುವವರ ಕೈಗೆ ಹೊಸ ಬಯಾಸ್ ಬಂತು. ಮೆಮೊರಿ 12ರಿಂದ 14 ಜಿಬಿಪಿಎಸ್‌ಗೆ, ಸಫೈರ್ ಕಂಪನಿಯ ಪಲ್ಸ್ ಮಾಡೆಲ್‌ನಲ್ಲಿ ಚಿಪ್ ಪವರ್ 135ರಿಂದ 160 ವ್ಯಾಟ್‌ಗೆ ಏರಿತು. ಅಷ್ಟರಲ್ಲಿ ಡಬ್ಬಿಗಳು ಹಳೇ ಬಯಾಸ್ ಹೊತ್ತು ಅಂಗಡಿ ಸೇರಿಯಾಗಿತ್ತು. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವುದರಲ್ಲಿ ಫ್ಲ್ಯಾಶ್ ಆಗದ (ಹೊಸ ಬಯಾಸ್ ಬರೆಯದ) ಕಾರ್ಡು ಈಗಲೂ ಇವೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದೊಂದಕ್ಕೆ ಒಂಬತ್ತು, ಒಂಬತ್ತೂವರೆ ಸಾವಿರ ಬಿತ್ತು. ಗುರುತು ಸುಲಭ: ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರಿನಲ್ಲಿ ಮೆಮೊರಿ ಕ್ಲಾಕ್ (ಓಡುವ ವೇಗ) 1500 ಮೆಗಾಹರ್ಟ್ಸ್ ಇದ್ದರೆ ಹಳೇದು, 1750 ಇದ್ದರೆ ಹೊಸದು. ಬ್ಯಾಂಡ್‌ವಿಡ್ತ್ 288ರ ಜಾಗದಲ್ಲಿ 336 ತೋರಿಸುತ್ತೆ. ಅಂಗಡಿಯಲ್ಲೇ ನೋಡಿಕೊಳ್ಳಿ, ಮಾರುವವನಿಗೆ ಮಾತ್ರ ವಿವರಿಸಬೇಡಿ.

ಮೊದಲು ಮಾಡಿದ್ದು ದಂಡದ ಕೆಲಸ: ಚಿಪ್ಪಿಗೂ ಕೂಲರಿಗೂ ನಡುವಿನ ಪೇಸ್ಟ್ ಬದಲಿಸಿದ್ದು. ಪೇಸ್ಟು, ಪ್ಯಾಡು ಸೇರಿ ಸಾವಿರದ ಆರುನೂರು ಹೋಯಿತು. ಬಿಸಿ ನಾಲ್ಕು ಡಿಗ್ರಿ ಇಳಿಯಿತು, ಫ್ರೇಮ್ ಏರಿದ್ದು ಒಂದೇ ಒಂದು. ಕಾರ್ಡನ್ನು ಹಿಡಿದಿಟ್ಟದ್ದು ಬಿಸಿಯಲ್ಲ, ಪವರ್ ಲಿಮಿಟ್ ಅನ್ನುವುದು ಲಾಗ್ ತೆಗೆದಾಗಲೇ ಗೊತ್ತಾಗಿದ್ದು. ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಬಿಸಿ, ವ್ಯಾಟ್ ದಾಖಲಿಸುವ ಎಚ್‌ಡಬ್ಲ್ಯುಇನ್ಫೋದಲ್ಲಿ ಇಪ್ಪತ್ತು ನಿಮಿಷ ಲಾಗ್ ಮಾಡಿ, ಮೊದಲ ಹತ್ತು ನಿಮಿಷ ಬಿಸಾಕಿ. ವ್ಯಾಟ್ ಗೆರೆ ಎಳೆದಂತೆ ಲಿಮಿಟ್‌ನಲ್ಲೇ ನಿಂತು ಕ್ಲಾಕ್ ಮಾತ್ರ ಕುಣಿಯುತ್ತಿದ್ದರೆ ತೊಂದರೆ ಬಯಾಸಿನದು. ವ್ಯಾಟ್ ಕೆಳಗಿದ್ದು ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) 110 ಡಿಗ್ರಿ ಹತ್ತಿರ ಹೋಗುತ್ತಿದ್ದರೆ ಕೂಲರಿನದು. ಎಡ್ಜ್‌ಗೂ (ಚಿಪ್ಪಿನ ಅಂಚಿನ ಬಿಸಿ) ಹಾಟ್‌ಸ್ಪಾಟ್‌ಗೂ 30 ಡಿಗ್ರಿ ಅಂತರ ಕಂಡರೆ ಕೂಲರ್ ಸರಿಯಾಗಿ ಕೂತಿಲ್ಲ. ನಾಲ್ಕು ಸ್ಕ್ರೂ ಎದುರು-ಬದುರಾಗಿ, ಕಾಲು ಸುತ್ತಿನಂತೆ ಬಿಗಿ ಮಾಡಿ.

ಫ್ಯಾನನ್ನು ಶೇಕಡಾ ಲೆಕ್ಕದಲ್ಲಿ ಹೋಲಿಸಬೇಡಿ, ಆರ್‌ಪಿಎಂನಲ್ಲಿ ಹೋಲಿಸಿ. 2013ರ ಆರ್9 290ಎಕ್ಸ್ ಪೇಚಾಟ ನೆನಪಿದ್ದವರಿಗೆ ಇದು ಗೊತ್ತು. ಕ್ವಯಟ್ ಮೋಡ್‌ನಲ್ಲಿ ಎಲ್ಲ ಕಾರ್ಡಿಗೂ 40%, ಆದರೆ ಅದೇ 40ಕ್ಕೆ ಒಂದೊಂದು ಫ್ಯಾನ್ ಒಂದೊಂದು ವೇಗದಲ್ಲಿ ತಿರುಗುತ್ತಿತ್ತು. ನಿಧಾನ ತಿರುಗಿದ್ದು 95 ಡಿಗ್ರಿ ಮುಟ್ಟಿ ಕ್ಲಾಕ್ ಇಳಿಸುತ್ತಿತ್ತು. ಕೊನೆಗೆ ಎಎಂಡಿ ಡ್ರೈವರಿನಲ್ಲೇ ಆರ್‌ಪಿಎಂ ಸಮ ಮಾಡಬೇಕಾಯಿತು. ನನ್ನ ಮೂರು ಕಾರ್ಡಿನಲ್ಲೂ ಅದೇ 50%ಗೆ ಸುಮಾರು ಇನ್ನೂರು ಆರ್‌ಪಿಎಂ ವ್ಯತ್ಯಾಸ ಇತ್ತು. ಕೊನೆಗೆ ಇಟ್ಟ ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಎಷ್ಟು ವೇಗ) ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಎರಡು ವಾರ ಹಿಡಿದಿದೆ.

ಫ್ಲ್ಯಾಶ್ ಕೆಲಸ ಎಎಂಡಿವಿಬಿಫ್ಲ್ಯಾಶ್ ಅನ್ನುವ ಸಾಫ್ಟ್‌ವೇರಿನಲ್ಲಿ. ಇರುವ ಬಯಾಸನ್ನು ಎರಡು ಸಲ ಸೇವ್ ಮಾಡಿ, ಎರಡು ಫೈಲೂ ಒಂದೇ ಇವೆಯಾ ನೋಡಿ. ಹೊಸ ಫೈಲು ಅದೇ ಕಂಪನಿಯ ಅದೇ ಮಾಡೆಲ್‌ನದೇ ಆಗಿರಬೇಕು, ನಿಮ್ಮ ಮೆಮೊರಿ ಚಿಪ್ ಸ್ಯಾಮ್‌ಸಂಗ್‌ನದೋ ಮೈಕ್ರಾನ್‌ನದೋ ಅದಕ್ಕೂ ಅದರಲ್ಲಿ ಜಾಗ ಇರಬೇಕು. ಐಡಿ ಹೊಂದುತ್ತಿಲ್ಲ ಅಂತ ಎರರ್ ಬಂದರೆ ಅಲ್ಲೇ ನಿಲ್ಲಿಸಿ. ಎರಡನೇ ಕಾರ್ಡಿಗೆ ಫೋರ್ಸ್ ಹಾಕಿ ಬರೆದೆ, ಪರದೆ ಕಪ್ಪಾಯಿತು. ಡ್ಯುಯಲ್ ಬಯಾಸ್ ಸ್ವಿಚ್ ಇದ್ದರೆ ಒಳ್ಳೇ ಬದಿಯಿಂದ ಬೂಟ್ ಮಾಡಿ, ಸ್ವಿಚ್ ತಿರುಗಿಸಿ, ಹಳೇದನ್ನು ಮತ್ತೆ ಬರೆದರೆ ಆಯಿತು. ನನ್ನ ಆ ಎರಡನೇ ಕಾರ್ಡಿನಲ್ಲಿ ಸ್ವಿಚ್ ಇರಲಿಲ್ಲ. ಬಯಾಸ್ ಚಿಪ್ಪಿಗೆ ನೇರವಾಗಿ ಬರೆಯುವ ಸಿಎಚ್341ಎ ಪ್ರೋಗ್ರಾಮರ್, ಎಂಟು ಕಾಲಿನ ಕ್ಲಿಪ್, ಸೇರಿ ಐನೂರರ ಆಸುಪಾಸು, ಜೀವ ಬಂತು. ಕ್ಲಿಪ್ ಹಾಕುವ ಮೊದಲು ಚಿಪ್ಪಿನ ನಂಬರ್ ಓದಿ. 1.8 ವೋಲ್ಟಿನ ಚಿಪ್ಪಿಗೆ 3.3 ಕೊಟ್ಟರೆ ಕೆಲಸ ಮುಗಿಯಿತು, ನಡುವೆ ಅಡಾಪ್ಟರ್ ಬೇಕು.

ಮೂರನೆಯದು ಫ್ಲ್ಯಾಶ್ ಆಗಿ ನಲವತ್ತು ನಿಮಿಷ ಚೆನ್ನಾಗಿ ಓಡಿತು, ಆಮೇಲೆ ಪರದೆ ತುಂಬ ಹಸಿರು ಚೌಕಗಳು. 14 ಜಿಬಿಪಿಎಸ್ ಅದಕ್ಕೆ ತಡೆಯಲಿಲ್ಲ. ಹಳೇ ಬಯಾಸ್ ಹಿಂದಕ್ಕೆ ಹಾಕಿ, ಮೆಮೊರಿ 12ರಲ್ಲೇ ಬಿಟ್ಟು, ಪವರ್ ಲಿಮಿಟ್ ಬದಲಿಸುವ ಮೋರ್‌ಪವರ್‌ಟೂಲ್‌ನಿಂದ ಪವರ್ ಮಾತ್ರ ಏರಿಸಿದೆ. ಶೇ. 5 ಸಿಕ್ಕಿತು. ಪೂರ್ತಿ ಫ್ಲ್ಯಾಶ್ ಆದ ಮೊದಲ ಎರಡರಲ್ಲಿ ಶೇ. 10ರ ಹತ್ತಿರ ಬಂದಿದೆ: ಒಂದೇ ದೃಶ್ಯಕ್ಕೆ 84 ಇದ್ದದ್ದು 92, 93.

ಇದೇ ಹುರುಪಿನಲ್ಲಿ ಒಂದು ಹಳೇ ಜಿಟಿಎಕ್ಸ್ 1080 ಕೂಡ ನೋಡಿದೆ. 2016ರಲ್ಲಿ ಎಂಎಸ್‌ಐ ಗೇಮಿಂಗ್ ಎಕ್ಸ್‌ನ ರಿವ್ಯೂ ಪೀಸ್‌ಗಳು ಓಸಿ (ವೇಗ ಏರಿಸಿದ) ಮೋಡ್‌ನಲ್ಲೇ, ಅಂದರೆ 1847 ಮೆಗಾಹರ್ಟ್ಸ್ ಬೂಸ್ಟ್‌ನಲ್ಲಿ ಬಂದಿದ್ದವು, ಅಂಗಡಿಯವು 1822ರಲ್ಲಿ. ಟೆಕ್‌ಪವರ್‌ಅಪ್ ವೆಬ್‌ಸೈಟ್ ಅದನ್ನು ಬಯಲು ಮಾಡಿದಾಗ ದೊಡ್ಡ ಗಲಾಟೆಯಾಯಿತು. ಅದೇ 25 ಮೆಗಾಹರ್ಟ್ಸ್ ಏರಿಸಿ, ಇಳಿಸಿ ನೋಡಿದರೆ ನೂರು ಫ್ರೇಮಿಗೆ ಒಂದು ಫ್ರೇಮ್ ವ್ಯತ್ಯಾಸ. ಆಡುವವನಿಗೆ ಕಾಣುವುದಿಲ್ಲ. ಆದರೆ ಹತ್ತು ಕಾರ್ಡಿನ ಪಟ್ಟಿಯಲ್ಲಿ ಆ ಒಂದು ಫ್ರೇಮಿಗೇ ಮೂರನೇ ಜಾಗದಿಂದ ಮೊದಲಿಗೆ ಹೋಗಬಹುದು, ಅದಕ್ಕೇ ಆ ಆಟ.

ರಿವ್ಯೂ ಪೀಸ್ ಯಾವಾಗಲೂ ಮೇಲು ಅಂತಲೂ ಅಲ್ಲ. 2020ರ ಆರ್‌ಟಿಎಕ್ಸ್ 3080ರಲ್ಲಿ ಇವಿಜಿಎ ಕಂಪನಿ ಕೆಲವು ರಿವ್ಯೂದಾರರಿಗೆ ಕಳಿಸಿದ್ದು ಚಿಪ್ಪಿನ ಹಿಂದೆ ಆರು ಪೋಸ್‌ಕ್ಯಾಪ್ (ದೊಡ್ಡ ಕೆಪಾಸಿಟರ್) ಇದ್ದ ಮೊದಲ ಬೋರ್ಡು. ಅದು ಟೆಸ್ಟ್ ಪಾಸಾಗದೆ ಅಂಗಡಿಗೆ ಬಂದದ್ದು ನಾಲ್ಕು ಪೋಸ್‌ಕ್ಯಾಪ್, ಇಪ್ಪತ್ತು ಎಂಎಲ್‌ಸಿಸಿ (ಸಣ್ಣ ಸೆರಾಮಿಕ್ ಕೆಪಾಸಿಟರ್) ಇದ್ದದ್ದು. ಅಲ್ಲಿ ಅಂಗಡಿಯದೇ ಗಟ್ಟಿ.

ಕೊನೆಗೊಂದು ಕಿರಿಕಿರಿ. ಡ್ರೈವರ್ ಹೊಸದಾಗಿ ಹಾಕಿದಾಗ ಮೋರ್‌ಪವರ್‌ಟೂಲ್ ರಿಜಿಸ್ಟ್ರಿಯಲ್ಲಿ ಬರೆದದ್ದು ಅಳಿಸಿಹೋಗುತ್ತೆ. ಮೂರನೇ ಕಾರ್ಡು "ಮತ್ತೆ ನಿಧಾನ ಆಯ್ತು" ಅಂತ ವಾಪಸ್ ಬಂದದ್ದು ಎರಡು ಸಲ, ಎರಡು ಸಲವೂ ಕಾರಣ ಇದೇ. ಈಗ ಆ ಸೆಟ್ಟಿಂಗ್ ಫೈಲನ್ನು ಡೆಸ್ಕ್‌ಟಾಪ್ ಮೇಲೇ ಇಟ್ಟು ಕೊಡುತ್ತೇನೆ.