ಬದು ಸರಿಸಿ ಪಾಲು ಕೂಡಿಸಿದ ಬಗೆ

ಗಂಗಾವತಿ ಭಾಗದ ಗದ್ದೆಗಳಿಗೆ ಪಾಲಿನ ನಕ್ಷೆ ಮಾಡುವವರಿಗೆ ಈ ತಲೆನೋವು ಗೊತ್ತು. ಹತ್ತು ಎಕರೆ ಇಪ್ಪತ್ತು ಗುಂಟೆ, ಮೂವರು ಅಣ್ಣತಮ್ಮಂದಿರು, ತಲೆಗೆ ಮೂರು ಎಕರೆ ಇಪ್ಪತ್ತು ಗುಂಟೆ. ಒಂದು ಕಡೆ ಕಾಲುವೆ, ಅದನ್ನು ಅಲುಗಿಸುವಂತಿಲ್ಲ; ಆದರೂ ನಕ್ಷೆಯ ಪ್ರತಿ ತುಂಡಿನ ವಿಸ್ತೀರ್ಣ ಪಾಲಿಗೆ ಸರಿಯಾಗಿ ಕೂಡಬೇಕು. ಕೈಯಿಂದ ಮೂಲೆ ಎಳೆದು ಕೂಡಿಸಲು ಒಂದು ತುಂಡಿಗೆ ಮುಕ್ಕಾಲು ಗಂಟೆ ಹೋಗುತ್ತಿತ್ತು. ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಪೈಥಾನ್ ಸ್ಕ್ರಿಪ್ಟ್ ಬರೆದು ಕೂಡಿಸುತ್ತೇನೆ ಎಂದಾಗ ಜೊತೆಯವರು, ‘ಹೊಲ ನಿನ್ನ ಲೆಕ್ಕ ಕೇಳುವುದಿಲ್ಲ’ ಎಂದರು.

ಮೊದಲು ವಿಸ್ತೀರ್ಣದ ಅನುಪಾತದ ವರ್ಗಮೂಲದಿಂದ ಇಡೀ ಆಕೃತಿಯನ್ನೇ ಹಿಗ್ಗಿಸಿದೆ. ಸಂಖ್ಯೆ ಒಂದೇ ಏಟಿಗೆ ಕೂಡಿತು, ಆದರೆ ಗದ್ದೆಯ ಅಂಚು ಕಾಲುವೆಯೊಳಗೆ ಇಳಿದಿತ್ತು. ಆಮೇಲೆ ಬಫರ್ ಹಾಕಿ, ಅಂದರೆ ಅಂಚನ್ನು ಸುತ್ತಲೂ ಒಂದೇ ಅಂತರ ಒಳಗೋ ಹೊರಗೋ ಸರಿಸಿ, ಆ ಅಂತರವನ್ನು ಅರ್ಧರ್ಧ ಮಾಡುತ್ತ ಹೋದೆ. ನಡು ಸಣ್ಣಗಿದ್ದ ಒಂದು ಗದ್ದೆ ಒಳಸರಿಯುವಾಗ ಎರಡು ತುಂಡಾಯಿತು. ಸ್ಕ್ರಿಪ್ಟ್ ಒಂದೇ ತುಂಡನ್ನು ಅಳೆಯುತ್ತ, ಗುರಿಯ ಆಚೆ ಈಚೆ ಜಿಗಿಯುತ್ತ ರಾತ್ರಿಯಿಡೀ ಓಡಿತು. ಅಂದಿನಿಂದ ನನ್ನ ಯಾವ ಸ್ಕ್ರಿಪ್ಟೂ ಐವತ್ತು ಸುತ್ತು ದಾಟುವುದಿಲ್ಲ.

ದುಬಾರಿಯಾದದ್ದು ಬೇರೆಯೇ ತಪ್ಪು. ಗುಂಟೆಗೆ 101.17 ಚದರ ಮೀಟರ್ ಬದಲು 100 ಎಂದು ಇಟ್ಟಿದ್ದೆ. ಪ್ರತಿ ಪಾಲಿನಲ್ಲೂ ಒಂದೂವರೆ ಗುಂಟೆಗೂ ಮೀರಿ ಕೊರತೆ ಬಿತ್ತು. ಮೂವರಲ್ಲಿ ಹಿರಿಯಣ್ಣ ಚೈನು ಹಿಡಿದು ಅಳೆದು ತೋರಿಸಿದರು. ನಕ್ಷೆ ಮರುಮುದ್ರಣಕ್ಕೆ ಸುಮಾರು ಒಂಬೈನೂರು ರೂಪಾಯಿ ಹೋಯಿತು. ಮೂರು ಸಾವಿರದಷ್ಟು ಕೂಲಿಯನ್ನೂ ಬಿಟ್ಟೆ. ಅವರು ಕೇಳಿದ್ದು ನ್ಯಾಯವೇ ಆಗಿತ್ತು.

ಕೊನೆಗೆ ಗೆದ್ದದ್ದು ಸರಳ ದಾರಿ. ಕಾಲುವೆಯ ಬದಿಯನ್ನು ಕಟ್ಟಿಹಾಕಿ, ಎದುರಿನ ಬದುವನ್ನು ಮಾತ್ರ ಸಮಾಂತರವಾಗಿ ಸರಿಸುವುದು. ಎಷ್ಟು ಸರಿಸಬೇಕು? ಕೊರತೆಯನ್ನು ಬದುವಿನ ಉದ್ದದಿಂದ ಭಾಗಿಸಿದಷ್ಟು. 180 ಚದರ ಮೀಟರ್ ಕೊರತೆ, 90 ಮೀಟರ್ ಬದು: ಎರಡು ಮೀಟರ್. ಪಕ್ಕದ ಗೆರೆಗಳು ಓರೆಯಾಗಿರುವುದರಿಂದ ಮುಕ್ಕಾಲು ಚದರ ಮೀಟರಿನಷ್ಟು ವ್ಯತ್ಯಾಸ ಉಳಿಯುತ್ತದೆ. ಹೊಸ ಉದ್ದ ಹಿಡಿದು ಮತ್ತೆ ಸರಿಸಿದರೆ ಮೂರನೇ ಸುತ್ತಿಗೆ ಮುಗಿಯಿತು. ಎಲ್ಲ ಅಳತೆಯೂ ಯುಟಿಎಂ 43 ವಲಯದಲ್ಲೇ, ಅಂದರೆ ಮೀಟರಿನಲ್ಲಿ ಅಳೆಯುವ ನಕ್ಷೆಯ ಚೌಕಟ್ಟಿನಲ್ಲೇ; ಡಿಗ್ರಿಯಲ್ಲಿ ಅಳೆದವರು ನನ್ನನ್ನು ದೂರಬೇಡಿ. ಡೊಂಕು ಬದುವನ್ನು ಹೇಗೆ ಸರಿಸುತ್ತೇನೆ ಎಂಬುದನ್ನು ಇಲ್ಲಿ ಬಿಡಿಸುವುದಿಲ್ಲ, ಅದು ನನ್ನ ಅನ್ನ.

ಇದೇ ಹುಮ್ಮಸ್ಸಿನಲ್ಲಿ ಬಳ್ಳಾರಿಯ ಜೀನ್ಸ್ ಘಟಕದ ಗೆಳೆಯನ ಜೇಬಿನ ಅಚ್ಚನ್ನೂ, ತೊಳೆದಾಗ ಕುಗ್ಗುವುದಕ್ಕೆ ಸರಿದೂಗಲೆಂದು, ಹಿಗ್ಗಿಸಿ ನೋಡಿದೆ. ತೊಳೆದ ಮೇಲೆ ಬಟ್ಟೆ ಉದ್ದಕ್ಕೊಂದು, ಅಗಲಕ್ಕೊಂದು ಪ್ರಮಾಣದಲ್ಲಿ ಕುಗ್ಗಿತು; ವಿಸ್ತೀರ್ಣ ಸರಿಯಿದ್ದೂ ಜೇಬು ಕೂಡಲಿಲ್ಲ. ಆ ಕೆಲಸ ಅಲ್ಲಿಗೇ ನಿಂತಿದೆ.

ನನ್ನ ನಕ್ಷೆ ಮನೆಯವರ ಒಪ್ಪಂದಕ್ಕಷ್ಟೇ. ಪೋಡಿಗೆ, ಅಂದರೆ ಸರ್ವೆ ನಂಬರನ್ನು ಅಧಿಕೃತವಾಗಿ ಒಡೆಯಲು, ಸರ್ಕಾರಿ ಇಲ್ಲವೇ ಪರವಾನಗಿ ಪಡೆದ ಭೂಮಾಪಕರೇ ಬರಬೇಕು. ಕಳೆದ ಸುಗ್ಗಿಯ ನಂತರ ನಲವತ್ತರಷ್ಟು ತುಂಡು ಮಾಡಿದ್ದೇನೆ, ಒಂದೂ ವಾಪಸು ಬಂದಿಲ್ಲ. ಆ ಹಿರಿಯಣ್ಣನೇ ಮೊನ್ನೆ ತಮ್ಮ ಬೀಗರ ಗದ್ದೆಯ ಪಹಣಿ ತಂದುಕೊಟ್ಟರು.