ಸ್ಮರಣ ಸಂಚಿಕೆಗೆ ಬೇರೆಯವರ ಬರಹ: ಅನುಮತಿ ಪಡೆಯುವ ಕ್ರಮ

ಚಿತ್ರದುರ್ಗ, ದಾವಣಗೆರೆ ಭಾಗದ ಶಾಲೆಗಳೂ ಸಂಘಗಳೂ ಸ್ಮರಣ ಸಂಚಿಕೆ ತರುವಾಗ ಕೋಟೆಯ ಕುರಿತ ಹಳೆಯ ಲೇಖನವನ್ನೋ ಛಾಯಾಚಿತ್ರವನ್ನೋ ಹಾಗೆಯೇ ಎತ್ತಿಕೊಂಡು, ಕೆಳಗೆ ‘ಕೃಪೆ’ ಎಂದು ಹಾಕಿಬಿಡುವುದು ರೂಢಿಯಾಗಿದೆ. ಕೃಪೆ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 30ನೇ ಕಲಮಿನ ಪ್ರಕಾರ ಹಕ್ಕುದಾರರ ಅನುಮತಿ ಬರಹದಲ್ಲಿರಬೇಕು.

ಮೊದಲು, ಅನುಮತಿ ಬೇಕೇ ಎಂಬುದನ್ನು ನೋಡಿಕೊಳ್ಳಿ. ಲೇಖಕರು ಬದುಕಿರುವಾಗ ಪ್ರಕಟವಾದ ಕೃತಿಯ ಹಕ್ಕು ಅವರ ಜೀವಿತಾವಧಿಯಲ್ಲಿ ಮಾತ್ರವಲ್ಲದೆ, ನಿಧನರಾದ ಮರುವರ್ಷದ ಜನವರಿಯಿಂದ 60 ವರ್ಷ ಉಳಿಯುತ್ತದೆ. ದುರ್ಗದ ಇತಿಹಾಸವನ್ನು ಕಾದಂಬರಿಗಳಾಗಿಸಿದ ತರಾಸು ತೀರಿಕೊಂಡದ್ದು 1984ರಲ್ಲಿ. ಆದ್ದರಿಂದ ಅವರ ಕೃತಿಗಳ ಹಕ್ಕು 2044ರ ಕೊನೆಯವರೆಗೂ ಇರುತ್ತದೆ. ವಿಮರ್ಶೆಗಾಗಿ ನಾಲ್ಕು ಸಾಲು ಉದ್ಧರಿಸಿ ಮೂಲ ತಿಳಿಸುವುದಕ್ಕೆ 52ನೇ ಕಲಮಿನಲ್ಲಿ ಅವಕಾಶವಿದೆ, ಇಡೀ ಅಧ್ಯಾಯದ ಮರುಮುದ್ರಣಕ್ಕಿಲ್ಲ.

ಹಕ್ಕು ಯಾರದೆಂದು ಪತ್ತೆ ಮಾಡುವುದೇ ಹೆಚ್ಚು ಸಮಯ ಹಿಡಿಯುವ ಕೆಲಸ. ಪುಸ್ತಕದ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ‘ಹಕ್ಕುಗಳು: ಲೇಖಕರವು’ ಎಂದಿದ್ದರೆ ಪ್ರಕಾಶಕರ ಒಪ್ಪಿಗೆಯೊಂದೇ ಸಾಲದು. ಲೇಖಕರು ಇಲ್ಲವಾಗಿದ್ದರೆ ವಾರಸುದಾರರನ್ನು ಕೇಳಬೇಕು. ಮಕ್ಕಳು ಹಲವರಿದ್ದಲ್ಲಿ ಎಲ್ಲರ ಸಹಿ ಪಡೆಯುವುದೇ ಕ್ಷೇಮ. ಲೇಖನದ ಜತೆಗಿರುವ ಚಿತ್ರದ ಹಕ್ಕು ಛಾಯಾಗ್ರಾಹಕರ ಬಳಿ ಪ್ರತ್ಯೇಕವಾಗಿ ಇರಬಹುದೆಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಪತ್ರದಲ್ಲಿ ಔಪಚಾರಿಕ ಮಾತಿಗಿಂತ ವಿವರ ಮುಖ್ಯ. ಯಾವ ಕೃತಿ, ಯಾವ ಆವೃತ್ತಿ, ಎಷ್ಟನೇ ಪುಟದಿಂದ ಎಷ್ಟನೇ ಪುಟದವರೆಗೆ, ಎಷ್ಟು ಪ್ರತಿ, ಮಾರಾಟಕ್ಕೋ ಉಚಿತ ಹಂಚಿಕೆಗೋ, ಗೌರವಧನವೆಷ್ಟು ಎಂಬುದೆಲ್ಲವೂ ಇರಲಿ. ಸಂಚಿಕೆಯ ಪಿಡಿಎಫ್ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವುದು ಈಗ ಸಹಜವಾದ್ದರಿಂದ, “ಮುದ್ರಣ ಹಾಗೂ ಡಿಜಿಟಲ್ ಎರಡೂ ರೂಪದಲ್ಲಿ ಬಳಸಲು ಅನುಮತಿ ಕೋರುತ್ತೇವೆ” ಎಂದು ಸ್ಪಷ್ಟವಾಗಿಯೇ ಬರೆಯಿರಿ. ಅವಧಿಯನ್ನು ನಮೂದಿಸದಿದ್ದರೆ ಕಾಯ್ದೆ ಅದನ್ನು ಐದು ವರ್ಷವೆಂದೂ, ವ್ಯಾಪ್ತಿಯನ್ನು ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸುತ್ತದೆ. ಕೆಳಗಡೆ ‘ಒಪ್ಪಿದ್ದೇನೆ’ ಎಂಬ ಸಾಲನ್ನೂ ಸಹಿ, ದಿನಾಂಕಗಳಿಗೆ ಜಾಗವನ್ನೂ ಬಿಟ್ಟು ಎರಡು ಪ್ರತಿ ಕಳಿಸಿದರೆ ಹಿರಿಯರಿಗೆ ಉತ್ತರ ಬರೆಯುವ ಶ್ರಮ ತಪ್ಪುತ್ತದೆ.

ಉತ್ತರ ಬಾರದಿರುವುದನ್ನು ಸಮ್ಮತಿಯೆಂದು ತಿಳಿಯಬಾರದು. ಅಚ್ಚಿಗೆ ಹೋಗುವವರೆಗೂ ಒಪ್ಪಿಗೆ ಸಿಗದಿದ್ದರೆ ಆ ಲೇಖನವನ್ನು ಕೈಬಿಡಿ. ಇತಿಹಾಸದ ಸಂಗತಿಗಳಿಗೆ ಕೃತಿಸ್ವಾಮ್ಯವಿಲ್ಲವಾದ್ದರಿಂದ ಅದೇ ವಿಷಯವನ್ನು ನಿಮ್ಮವರೇ ಒಬ್ಬರು ತಮ್ಮದೇ ಮಾತಿನಲ್ಲಿ ಹೊಸದಾಗಿ ಬರೆಯಬಹುದು.