ಗಾಡಿ ಎತ್ತಿಕೊಂಡು ಹೋದರೆ ಮೊದಲು ಪಟ್ಟಿ ಕೇಳಿ

ಬೀದಿ ವ್ಯಾಪಾರದ ಗಾಡಿ ಎತ್ತಿಕೊಂಡು ಹೋಗಲು ಪಾಲಿಕೆಯ ಲಾರಿ ಬಂತು ಅಂದರೆ ಕೈಕಾಲು ಆಡಲ್ಲ, ನಿಜ. ಆದರೂ ಗಾಡಿ ಲಾರಿ ಹತ್ತುವ ಮೊದಲು ಒಂದು ಫೋಟೊ ಹೊಡೆದುಕೊಳ್ಳಿ. ಗಾಡಿ, ಅದರ ಮೇಲಿನ ಮಾಲು, ಹಿಂದಿನ ಅಂಗಡಿಯ ಬೋರ್ಡು, ಮೂರೂ ಅದರಲ್ಲಿ ಕಾಣಬೇಕು. 'ನೀವು ಅಲ್ಲಿ ಇರಲೇ ಇಲ್ಲ' ಅನ್ನುವ ಮಾತು ಆಮೇಲೆ ಬರಬಾರದು, ಅಲ್ವಾ?

ನಾನು ಬೀದಿ ಬದಿ ವ್ಯಾಪಾರಿಗಳಿಗೆ ಅರ್ಜಿ ಬರೆದುಕೊಡುವವಳು. ಮಾಲು ಹೋಯಿತು ಅಂತ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಚೀಟಿಯೂ ಇರುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ 19ನೇ ಸೆಕ್ಷನ್ ನೆನಪಿಡಿ. ಜಪ್ತಿ ಮಾಡಿದವರು ಮಾಲಿನ ಪಟ್ಟಿ ಮಾಡಿ, ಸಹಿ ಹಾಕಿದ ಪ್ರತಿಯನ್ನು ನಿಮಗೆ ಕೊಡಲೇಬೇಕು. 'ತರಕಾರಿ ಹಾಗೂ ಇತರೆ' ಅಂತ ಗೀಚಿದರೆ ಒಪ್ಪಬೇಡಿ. ತಕ್ಕಡಿ ಮಾಯವಾಗುವುದು ಆ 'ಇತರೆ'ಯಲ್ಲೇ. ಟೊಮೆಟೊ 2 ಕ್ರೇಟು, ಈರುಳ್ಳಿ 1 ಮೂಟೆ, ಎಲೆಕ್ಟ್ರಾನಿಕ್ ತಕ್ಕಡಿ 1, ದೊಡ್ಡ ಛತ್ರಿ 1, ಹೀಗೆ ಬಿಡಿಬಿಡಿಯಾಗಿ ಬರೆಸಿ. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಅವತ್ತೇ ಜಪ್ತಿ ಮಾಡಿದವರ ಕಚೇರಿಗೆ ಹೋಗಿ ಮಾಲು ವಾಪಸ್ ಕೇಳಿ. ಕೊಳೆಯುವ ಮಾಲಾದರೆ ಕೇಳಿದ ದಿನವೇ ಬಿಡಬೇಕು, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ. ಶುಲ್ಕ ಕಟ್ಟಬೇಕಾಗುತ್ತದೆ. ರಸೀದಿ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ.

ಇನ್ನೊಂದು ಮಾತು. ಜಾಗದಿಂದ ಎಬ್ಬಿಸಲು 30 ದಿನದ ನೋಟಿಸ್ ಬೇಕು. ಅಷ್ಟೇ ಅಲ್ಲ, ಊರಿನ ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿದು ಅವರೆಲ್ಲರಿಗೂ ವ್ಯಾಪಾರ ಪ್ರಮಾಣಪತ್ರ ಸಿಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ ಅಂತ 3ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಅರ್ಜಿಯಲ್ಲಿ 'ದಯವಿಟ್ಟು ಕ್ಷಮಿಸಿ' ಅಂತ ಶುರು ಮಾಡಬೇಡಿ. 'ನನಗೆ ನೋಟಿಸ್ ಬಂದಿಲ್ಲ' ಅಂತ ಶುರು ಮಾಡಿ.

ಸಮೀಕ್ಷೆಗೆ ಬಂದ ದಿನ ಮಾತ್ರ ಜಾಗ ಬಿಟ್ಟು ಕದಲಬೇಡಿ. ಐದು ವರ್ಷಕ್ಕೊಮ್ಮೆಯಾದರೂ ಅದು ನಡೆಯಬೇಕು. ಅದರಲ್ಲಿ ಹೆಸರಿದ್ದವರಿಗೆ ವ್ಯಾಪಾರ ವಲಯದಲ್ಲಿ, ಅಂದರೆ ಬೀದಿ ವ್ಯಾಪಾರಕ್ಕೆ ಅಂತ ಗುರುತಿಸಿದ ಕಡೆ, ಜಾಗ ಮಾಡಿಕೊಡಬೇಕು, ವ್ಯಾಪಾರಿಗಳ ಸಂಖ್ಯೆ ಊರಿನ ಅಥವಾ ವಾರ್ಡಿನ ಜನಸಂಖ್ಯೆಯ ಶೇ. 2.5 ಮೀರದ ಹಾಗೆ. ನನಗಂತೂ ನಗರ ಯೋಜನೆಯ ಮುಖ್ಯ ಜಗಳವೇ ಇದು. ನಕ್ಷೆ ಬರೆಯುವವರು ಜನ ಓಡಾಡದ ಮೂಲೆಯನ್ನು ವಲಯ ಅಂತ ತೋರಿಸಿಬಿಡುತ್ತಾರೆ. ಬಸ್ ಇಳಿದವರು ಕೊತ್ತಂಬರಿ ಕಟ್ಟಿಗೋಸ್ಕರ ಅರ್ಧ ಮೈಲಿ ನಡೆಯುತ್ತಾರಾ? ಜನ ತಾವಾಗೇ ಬಂದು ಕೊಳ್ಳುವ ಹಳೇ ಸಂತೆ ಜಾಗಗಳನ್ನು ಕಾಯ್ದೆಯೂ ಗುರುತಿಸುತ್ತದೆ. ಈ ಸಮೀಕ್ಷೆ ನಡೆಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ನಕ್ಷೆ ಚರ್ಚೆಗೆ ಬರುವ ದಿನ ಯಾವುದು ಅಂತ ನಿಮ್ಮ ಪ್ರತಿನಿಧಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಯಾವ ಅರ್ಜಿ ಕೊಟ್ಟರೂ ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿ ಮೇಲೆ ಸೀಲು, ಸಹಿ, ತಾರೀಖು ಮೂರೂ ಬೀಳುವವರೆಗೆ ಕೌಂಟರ್ ಬಿಟ್ಟು ಬರಬೇಡಿ.